ಮಗುವಿಗೆ 5 ವರ್ಷ ತುಂಬಿದರೆ ಅಪ್ಪನಿಗೇ ಸೇರುತ್ತದೆಯೇ? ಕೋರ್ಟು ನಿಜವಾಗಿ ನೋಡುವುದೇನು?

“ಗಂಡ ಹೆಂಡತಿ ಬೇರೆಯಾದರೆ 5 ವರ್ಷದವರೆಗೆ ಮಗು ತಾಯಿಗೆ, ಆಮೇಲೆ ತಂದೆಗೆ. ಇದೇ ಕಾನೂನು, ಎಲ್ಲರಿಗೂ ಕಳಿಸಿ.” ಇಂಥ ಒಕ್ಕಣೆಯ ಫಾರ್ವರ್ಡ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜವಿದೆ, ಅಪಾಯ ಇರುವುದೂ ಅಲ್ಲೇ. ಇದನ್ನು ನಂಬಿದ ತಂದೆ ಹುಟ್ಟುಹಬ್ಬದ ಮರುದಿನವೇ ಮಗುವನ್ನು ಶಾಲೆಯಿಂದ ಎತ್ತಿಕೊಂಡು ಹೋಗಬಹುದು. ಹೇಗೂ ನನಗೆ ಸಿಗುವುದಿಲ್ಲ ಎಂದುಕೊಂಡ ತಾಯಿ ಕೋರ್ಟಿನ ಕಡೆ ತಲೆಯನ್ನೇ ಹಾಕದಿರಬಹುದು.

ಈ 5 ವರ್ಷದ ಲೆಕ್ಕ ಬಂದಿದ್ದು 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್‌ನಿಂದ. (ಲಿಂಗಾಯತ, ವೀರಶೈವರನ್ನು ಈ ಕಾಯ್ದೆ ಹೆಸರಿಸಿಯೇ ಒಳಗೊಳ್ಳುತ್ತದೆ. ಬೌದ್ಧ, ಜೈನ, ಸಿಖ್ಖರೂ ಇದರಡಿ ಬರುತ್ತಾರೆ.) 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು ಅದು ಹೇಳುತ್ತದೆ. 5 ತುಂಬಿದ ಕೂಡಲೇ ತಂದೆಗೆ ಒಪ್ಪಿಸಬೇಕು ಎಂದು ಎಲ್ಲೂ ಹೇಳಿಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ಫಾರ್ವರ್ಡ್ ಬರೆದವರು ಅಲ್ಲಿಯವರೆಗೆ ಓದಿದಂತೆ ಕಾಣುವುದಿಲ್ಲ.

ತಂದೆಯನ್ನು ಮೊದಲ ‘ಸಹಜ ಪೋಷಕ’ ಎಂದು ಕಾಯ್ದೆ ಕರೆದಿರುವುದು ನಿಜ. ಆದರೆ ಕಾಗದಪತ್ರಕ್ಕೆ ಸಹಿ ಹಾಕುವ ಪೋಷಕತ್ವ ಬೇರೆ, ಮಗು ಯಾರ ಮನೆಯಲ್ಲಿ ಬೆಳೆಯಬೇಕು ಎಂಬ ಕಸ್ಟಡಿ ಬೇರೆ. ಸಹಿಯ ವಿಷಯದಲ್ಲೂ ಲೇಖಕಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲೇ ದಾರಿ ಬದಲಿಸಿದೆ. ತಂದೆ ಮಗುವಿನ ಜವಾಬ್ದಾರಿ ಹೊರದಿದ್ದರೆ, ಆತ ಬದುಕಿದ್ದರೂ ತಾಯಿ ಪೋಷಕಿಯಾಗಬಹುದು.

ಮುಸ್ಲಿಂ ಕುಟುಂಬಗಳಲ್ಲಿ ಇದಕ್ಕೆ ‘ಹಿಜಾನತ್’ ಎನ್ನುತ್ತಾರೆ. ಹನಫಿ ಪದ್ಧತಿಯಲ್ಲಿ ಗಂಡುಮಗು 7 ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಹತ್ತಿರ. ಆದರೆ ಜಗಳ ಕೋರ್ಟಿಗೆ ಬಂದರೆ ಎಲ್ಲ ಧರ್ಮದವರಿಗೂ ಅನ್ವಯವಾಗುವ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯಿದೆ. ಅಲ್ಲೂ ಮುಖ್ಯ ಪ್ರಶ್ನೆ ಮಗುವಿನ ಹಿತದ್ದೇ.

ಹಾಗಾದರೆ ‘ಹಿತ’ ಅಂದರೇನು?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದಲ್ಲಿ ತಾಯಿ ತವರುಮನೆಯಲ್ಲಿದ್ದು ಬಟ್ಟೆ ಹೊಲಿಯುತ್ತಾಳೆ. 7 ವರ್ಷದ ಮಗಳು ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾಳೆ. ತಂದೆಗೆ ಪುಣೆಯಲ್ಲಿ ಒಳ್ಳೆಯ ಸಂಬಳ. “ನಾನು ಇಂಗ್ಲಿಷ್ ಮೀಡಿಯಂ ಓದಿಸುತ್ತೇನೆ, ಅವಳ ಹತ್ತಿರ ಏನಿದೆ?” ಎನ್ನುವುದು ಆತನ ವಾದ.

ಈ ವಾದ ಒಂದರಿಂದಲೇ ಕೇಸು ಗೆಲ್ಲುವುದಿಲ್ಲ. ಹಣ ಗಮನಿಸಬೇಕಾದ ಒಂದು ಅಂಶ ಹೌದು, ಆದರೆ ಅದೊಂದೇ ನಿರ್ಣಾಯಕವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಸಂಬಳವಿರುವ ತಂದೆಯಿಂದ ಜೀವನಾಂಶ ಕೊಡಿಸಬಹುದು, ಅದಕ್ಕಾಗಿ ಮಗುವಿನ ಮನೆ ಬದಲಿಸಬೇಕಾಗಿಲ್ಲ. ನ್ಯಾಯಾಧೀಶರು ಕೇಳುವುದು ಹೆಚ್ಚಾಗಿ ಮನೆವಾರ್ತೆಯ ಪ್ರಶ್ನೆಗಳನ್ನು: ತಂದೆ ಶಿಫ್ಟಿಗೆ ಹೋದಾಗ ಹುಡುಗಿಯನ್ನು ನೋಡುವವರು ಯಾರು? ಇಷ್ಟು ದಿನ ಜ್ವರ ಬಂದಾಗ ದವಾಖಾನೆಗೆ ಕರೆದೊಯ್ದವರು ಯಾರು? ಶಾಲೆ, ಗೆಳತಿಯರು, ಅಜ್ಜಿ ಒಮ್ಮೆಲೇ ಬಿಟ್ಟುಹೋದರೆ ಅವಳ ಮೇಲೇನು ಪರಿಣಾಮ? ಮನೆಯಲ್ಲಿ ಕುಡಿತ, ಹೊಡೆತ ಇದೆಯೇ? ಇದೇ ಪ್ರಶ್ನೆಗಳು ತಾಯಿಗೂ ಬರುತ್ತವೆ, ಉತ್ತರ ತಂದೆಯ ಪರವಾಗಿರುವ ಕೇಸುಗಳೂ ಇವೆ. ಆದರೆ ತಾಯಿ ಮರುಮದುವೆಯಾದಳು ಎಂಬ ಒಂದೇ ಕಾರಣಕ್ಕೆ ಮಗುವನ್ನು ಕಿತ್ತುಕೊಳ್ಳುವಂತಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟು ಇದನ್ನೂ ಸ್ಪಷ್ಟಪಡಿಸಿದೆ.

ಮಗುವನ್ನೇ ಕೇಳಿದರಾಯಿತಲ್ಲ ಎನ್ನುವವರಿದ್ದಾರೆ. ಕೇಳುತ್ತಾರೆ, ಎಷ್ಟೋ ಸಲ ನ್ಯಾಯಾಧೀಶರೇ ತಮ್ಮ ಕೊಠಡಿಗೆ ಕರೆದು ಮಾತಾಡಿಸುತ್ತಾರೆ. ತಿಳಿದು ಹೇಳುವಷ್ಟು ದೊಡ್ಡ ಮಗುವಾದರೆ ಅದರ ಇಚ್ಛೆಯನ್ನು ಪರಿಗಣಿಸಬಹುದು ಎಂದಷ್ಟೇ 1890ರ ಕಾಯ್ದೆ ಹೇಳುತ್ತದೆ, ಇಂತಿಷ್ಟೇ ವಯಸ್ಸು ಎಂದಿಲ್ಲ. ಆ ಮಾತೇ ಕೊನೆಯದೂ ಅಲ್ಲ. 2017ರ ಒಂದು ಪ್ರಕರಣದಲ್ಲಿ, ಎರಡು ವರ್ಷ ತುಂಬುವ ಮೊದಲೇ ತಾಯಿಯಿಂದ ಬೇರೆಯಾಗಿ ತಂದೆಯ ಜೊತೆ ಬೆಳೆದ 8 ವರ್ಷದ ಹುಡುಗಿ ತಂದೆಯ ಬಳಿಯೇ ಇರಲು ಬಯಸಿದ್ದಳು. ಸುಪ್ರೀಂ ಕೋರ್ಟು ಆಕೆಯನ್ನು ತಾಯಿಗೆ ಒಪ್ಪಿಸಿತು. ತಾಯಿಯ ಒಡನಾಟವನ್ನೇ ಕಾಣದ ಮಗು ಹೇಗೆ ಹೋಲಿಸಿ ಆರಿಸೀತು ಎಂಬುದು ಅದರ ತರ್ಕ. ಮಗುವಿಗೆ ಹೇಳಿಕೊಟ್ಟು ಕರೆತರುವವರು ಇದನ್ನು ನೆನಪಿಡಬೇಕು.

ಯಾವ ಕೋರ್ಟಿಗೆ ಹೋಗಬೇಕು?

ಬಸವಕಲ್ಯಾಣ, ಹುಮನಾಬಾದ್ ಕಡೆ ಹೆಣ್ಣು ಕೊಡುವುದು, ತರುವುದು ರಾಜ್ಯದ ಗಡಿ ನೋಡಿ ನಡೆಯುವುದಿಲ್ಲ. ತವರು ಮಹಾರಾಷ್ಟ್ರದ ಉಮರ್ಗಾದಲ್ಲಿರಬಹುದು, ತೆಲಂಗಾಣದ ಜಹೀರಾಬಾದ್‌ನಲ್ಲಿರಬಹುದು. 1890ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಮಗು ಸಾಮಾನ್ಯವಾಗಿ ವಾಸಿಸುವ ಊರು ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಅರ್ಜಿ ಹಾಕಬೇಕು. ರಾತ್ರೋರಾತ್ರಿ ಎತ್ತಿಕೊಂಡು ಗಡಿ ದಾಟಿದ ಮಾತ್ರಕ್ಕೆ ಮಗುವಿನ ವಾಸಸ್ಥಳ ಬದಲಾಯಿತು ಎಂದು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಆದರೆ ಮಗುವನ್ನು ಕಳೆದುಕೊಂಡವರು ವರ್ಷಗಟ್ಟಲೆ ಸುಮ್ಮನಿದ್ದರೆ ಅದು ಹೊಸ ಊರು, ಹೊಸ ಶಾಲೆಗೆ ಹೊಂದಿಕೊಂಡುಬಿಡುತ್ತದೆ, ಆಮೇಲೆ ಅದನ್ನು ಅಲ್ಲಿಂದ ಕದಲಿಸಲು ಕೋರ್ಟೂ ಹಿಂಜರಿಯುತ್ತದೆ. ಆದ್ದರಿಂದ ತಡಮಾಡಬಾರದು. ಬೀದರ್ ಜಿಲ್ಲೆಯವರು ಮೇಲ್ಮನವಿಗೆ ಬೆಂಗಳೂರಿಗೇ ಹೋಗಬೇಕಿಲ್ಲ, ಕಲಬುರಗಿಯಲ್ಲಿ 2008ರಿಂದ ಹೈಕೋರ್ಟು ಪೀಠವಿದೆ.

ಹಿರಿಯರು ಕೂತು ಬಾಂಡ್ ಪೇಪರ್ ಮೇಲೆ “ಮಗುವಿನ ಮೇಲೆ ನನ್ನ ಹಕ್ಕಿಲ್ಲ” ಎಂದು ಬರೆಸಿಕೊಂಡಿದ್ದರೆ? ಅಂಥ ಕಾಗದ ಕೋರ್ಟಿನ ಕೈ ಕಟ್ಟುವುದಿಲ್ಲ. ಕೋರ್ಟಿನದೇ ಆದೇಶವೂ ಶಾಶ್ವತವಲ್ಲ, ಪರಿಸ್ಥಿತಿ ಬದಲಾದರೆ ಮತ್ತೆ ಅರ್ಜಿ ಹಾಕಬಹುದು.

ಕಸ್ಟಡಿ ಸಿಗದವರಿಗೂ ಮಗುವಿನ ಭೇಟಿ, ಹಬ್ಬ, ರಜೆ, ವಿಡಿಯೊ ಕಾಲ್‌ಗೆ ಸಮಯ ಗೊತ್ತುಮಾಡುತ್ತಾರೆ. 2013ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು: ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ, ಓದಿನ ಖರ್ಚು ಸಮಪಾಲು. ಕೇಳಲು ಚೆಂದ. ಆದರೆ ನಮಗನಿಸುವಂತೆ, ಒಬ್ಬರು ಕೊಹಿನೂರದಲ್ಲಿ, ಒಬ್ಬರು ಪುಣೆಯಲ್ಲಿ ಇರುವಾಗ ಇದು ನಡೆಯುವುದು ಕಷ್ಟ, ಶಾಲೆಯ ವರ್ಷ ಜೂನ್‌ನಲ್ಲಿ ಅರ್ಧ ಆಗಿರುವುದಿಲ್ಲವಲ್ಲ!

ವಕೀಲರ ಫೀಸಿನ ಹೆದರಿಕೆ ಇದ್ದರೆ ಒಂದು ವಿಷಯ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಅದಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.