ಬ್ಯಾಸರಕ್ಕೆ ಪುಣೆಯಲ್ಲಿ ಯಾವ ಭಾಷೆ?

ಪ್ರತಿ ವರ್ಷ ಅಕ್ಟೋಬರ್ 10 ಬಂತೆಂದರೆ ಹಿಂಜವಡಿಯ ನಮ್ಮ ಆಫೀಸಿನ ಲಿಫ್ಟ್ ಪಕ್ಕದ ಗೋಡೆಗೆ ಹಸಿರು ಪೋಸ್ಟರ್ ಏರುತ್ತದೆ. ವಿಶ್ವ ಮಾನಸಿಕ ಆರೋಗ್ಯ ದಿನ. ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಿ ಎಂಬ ಸಲಹೆ, ಮಧ್ಯಾಹ್ನ ಅರ್ಧ ಗಂಟೆ ಪ್ರಾಣಾಯಾಮ, ಸಂಜೆ ಸಮೋಸಾ. ರಾತ್ರಿ ಹತ್ತಕ್ಕೆ ಎಂದಿನಂತೆ ಅಮೆರಿಕದ ತಂಡದೊಂದಿಗೆ ಕಾಲ್. ಮಾರನೇ ವಾರ ಅದೇ ಜಾಗಕ್ಕೆ ದೀಪಾವಳಿಯ ರಂಗೋಲಿ ಸ್ಪರ್ಧೆಯ ಪೋಸ್ಟರ್.

ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವವನಾಗಿ ಆ ಪೋಸ್ಟರನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ. ಹೇಳಿಕೊಳ್ಳಿ ಎನ್ನುವುದು ಸರಿ. ಯಾರ ಹತ್ತಿರ? ಯಾವ ಭಾಷೆಯಲ್ಲಿ? ಹೇಳಿಕೊಂಡ ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು?

2024ರ ಜುಲೈನಲ್ಲಿ ಇದೇ ಪುಣೆಯಲ್ಲಿ, ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ ಕೇರಳದ 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ತೀರಿಕೊಂಡರು. ಕೆಲಸದ ಒತ್ತಡವೇ ಮಗಳನ್ನು ಬಲಿ ತೆಗೆದುಕೊಂಡಿತೆಂದು ತಾಯಿ ಬರೆದ ಪತ್ರ ದೇಶವೆಲ್ಲ ಸುತ್ತಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. 2024-25ರ ಆರ್ಥಿಕ ಸಮೀಕ್ಷೆಯೂ ದಿನಕ್ಕೆ 12 ಗಂಟೆ ಮೇಜಿನ ಮುಂದೆ ಕೂರುವವರ ಮಾನಸಿಕ ಸ್ಥಿತಿಯ ಬಗ್ಗೆ ಎಚ್ಚರಿಸಿತು. ಈ ಚರ್ಚೆ ಬೇಕು. ಆದರೆ ಅದು ಬೀಳುವುದು ಹೇಗೆ ಎಂಬುದರ ಚರ್ಚೆ. ಬಿದ್ದವರು ಊರಿನಿಂದ ದೂರದಲ್ಲಿ ಏಳುವುದು ಹೇಗೆ ಎಂಬ ಮಾತು ಅಷ್ಟಾಗಿ ಬರುವುದಿಲ್ಲ.

ಆ್ಯಸಿಡಿಟಿ ಎಂದುಕೊಂಡಿದ್ದು

ನಾನು ಗದಗ ಕಡೆಯವನು. ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಕೋಥ್ರೂಡಿನಲ್ಲಿ ಮನೆ. 2023ರ ಮಳೆಗಾಲದಲ್ಲಿ ನನಗೆ ಬೆಳಗಿನ ಮೂರಕ್ಕೆ ಎಚ್ಚರವಾಗತೊಡಗಿತು. ಎಚ್ಚರವಾದ ಮೇಲೆ ನಿದ್ದೆ ಇಲ್ಲ. ಹೊಟ್ಟೆ ಉರಿ, ಬೆನ್ನು ನೋವು, ಊಟ ರುಚಿಸದು. ಭಾನುವಾರ ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗುವುದೂ ಗುಡ್ಡ ಹೊತ್ತಂತೆ ಅನ್ನಿಸುತ್ತಿತ್ತು. ಫ್ಯಾಮಿಲಿ ಡಾಕ್ಟರು ಮೊದಲು ಆ್ಯಸಿಡಿಟಿ ಎಂದರು, ಆಮೇಲೆ ಬಿ12 ಕಡಿಮೆ ಎಂದರು. ರಕ್ತ ಪರೀಕ್ಷೆಗಳಲ್ಲೇ ಐದು ತಿಂಗಳು ಕಳೆಯಿತು. ಮನೋವೈದ್ಯರ ಹತ್ತಿರ ಹೋಗೋಣ ಎಂದವಳು ಹೆಂಡತಿ. ನಾನು ಒಂದು ವಾರ ಅವಳ ಜೊತೆ ಮಾತು ಬಿಟ್ಟೆ.

ಇದು ನನ್ನೊಬ್ಬನ ಕಥೆಯಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ಖಿನ್ನತೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಗುರುತು ಸಿಗದಿರುವುದು ಇದಕ್ಕೆ ದೊಡ್ಡ ಕಾರಣ. ನಮ್ಮಲ್ಲಿ ದುಃಖ ಮೊದಲು ಹೊಟ್ಟೆ, ತಲೆ, ಬೆನ್ನಿನ ನೋವಾಗಿ ಬರುತ್ತದೆ. ಅದಕ್ಕೆ ಮಾತ್ರೆ ಸುಲಭವಾಗಿ ಸಿಗುತ್ತದೆ, ಹೆಸರು ಸಿಗುವುದಿಲ್ಲ.

ಕೊನೆಗೆ ಹೋದೆ. ಮರಾಠಿ ಮಾತನಾಡುವ ಹಿರಿಯ ಡಾಕ್ಟರಮ್ಮ. 'ಕಸಂ ವಾಟತಯ್?' ಎಂದು ಕೇಳಿದರು, ಹೇಗನ್ನಿಸುತ್ತಿದೆ ಅಂತ. ನನಗೆ ತರಕಾರಿ ಸಂತೆಯ ಮರಾಠಿ ಬರುತ್ತದೆ, ಮೀಟಿಂಗಿನ ಇಂಗ್ಲಿಷ್ ಬರುತ್ತದೆ, ಆಟೋದವರ ಜೊತೆಗಿನ ಹಿಂದಿ ಬರುತ್ತದೆ. ಆ ಪ್ರಶ್ನೆಗೆ ಮೂರೂ ಭಾಷೆಯಲ್ಲಿ ನನ್ನ ಬಳಿ ಇದ್ದದ್ದು 'ಠೀಕ್' ಎಂಬ ಒಂದೇ ಉತ್ತರ. ಅವರು ಪೆನ್ ಕೆಳಗಿಟ್ಟು, 'ನಿಮ್ಮ ಭಾಷೆಯಲ್ಲೇ ಹೇಳಿ, ಆಮೇಲೆ ಅರ್ಥ ಹೇಳುವಿರಂತೆ' ಎಂದರು. 'ಜೀವಕ್ಕ ಬ್ಯಾಸರ ಆಗೇತ್ರಿ' ಎಂದೆ. ಹಾಗೆಂದ ಕೂಡಲೇ ಐದು ತಿಂಗಳಲ್ಲಿ ಮೊದಲ ಸಲ ಅಳು ಬಂತು. ಅವರು ಆ ಮಾತನ್ನು ದೇವನಾಗರಿಯಲ್ಲಿ ಫೈಲಿನ ಮೇಲೆ ಬರೆದುಕೊಂಡರು.

ಖಿನ್ನತೆ ಎನ್ನುವುದು ಪತ್ರಿಕೆಯ ಪದ. ನಮ್ಮ ಮನೆಗಳಲ್ಲಿ ಯಾರೂ ಆಡುವುದಿಲ್ಲ. ಬ್ಯಾಸರವೋ ಮನೆಯ ಪದ, ಆದರೆ ಸಿನಿಮಾ ಚೆನ್ನಾಗಿಲ್ಲದಿದ್ದರೂ ಬ್ಯಾಸರ, ಬದುಕೇ ಬೇಡವೆನಿಸಿದರೂ ಬ್ಯಾಸರ. ಹೀಗಾಗಿ ಒಬ್ಬರು ಬ್ಯಾಸರ ಎಂದಾಗ ಎದುರಿನವರು ಸುಲಭವಾಗಿ 'ಎರಡು ದಿನ ಊರಿಗೆ ಹೋಗಿ ಬಾ' ಎಂದುಬಿಡುತ್ತಾರೆ. ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಭಾಗ, ನಿದ್ದೆ, ಊಟ, ಕೆಲಸ ಕೆಡಿಸುವ ಬ್ಯಾಸರವಿದ್ದರೆ ಅದು ಊರಿಗೆ ಹೋದರೆ ಇಳಿಯುವಂಥದ್ದಲ್ಲ. ಅದನ್ನು ವೈದ್ಯರಿಗೆ ತೋರಿಸಬೇಕು.

ಮನಸ್ಸು ಬಂದಾಗ ಅಲ್ಲ, ಆರೂವರೆಗೆ

ಮಾತ್ರೆ ಶುರುವಾಯಿತು. ಮೊದಲ ವಾರ ಬಾಯಿ ಒಣಗುವುದು, ತೂಕಡಿಕೆ, ಲಾಭ ಶೂನ್ಯ. ಪರಿಣಾಮ ತಿಳಿಯಲು ಕೆಲವು ವಾರ ಬೇಕು ಎಂದು ಡಾಕ್ಟರು ಮೊದಲೇ ಹೇಳಿರದಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ಸರಿಯಾಯಿತು ಅನ್ನಿಸಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು, ಇಳಿಸುವಾಗ ಅವರೇ ಇಳಿಸಬೇಕು ಎಂಬುದೂ ಆಗಲೇ ಗೊತ್ತಾಯಿತು.

ಮಾತ್ರೆಯ ಜೊತೆಗೆ ಕೊಟ್ಟದ್ದು ಒಂದು ಪುಟ್ಟ ನೋಟ್‌ಬುಕ್. ನಾಳೆ ಮಾಡುವ ಮೂರು ಕೆಲಸ ಗಂಟೆ ಸಮೇತ ಇವತ್ತೇ ಬರೆಯಬೇಕು. 'ಮನಸ್ಸು ಬಂದಾಗ ಮಾಡುವೆ ಎನ್ನಬೇಡಿ. ಮನಸ್ಸು ಈಗ ರಜೆಯಲ್ಲಿದೆ. ಕೆಲಸ ಮೊದಲು, ಮನಸ್ಸು ಹಿಂದಿನಿಂದ ಬರುತ್ತದೆ' ಎಂದರು. ಮೊದಲ ವಾರದ ಪಟ್ಟಿ ನೋಡಿದರೆ ಈಗ ನಗು ಬರುತ್ತದೆ: ಏಳಕ್ಕೆ ಸ್ನಾನ, ಎಂಟಕ್ಕೆ ಬಾಲ್ಕನಿಯಲ್ಲಿ ಚಹಾ, ಸಂಜೆ ಗೇಟಿನ ತನಕ ನಡಿಗೆ. ಮೂರರಲ್ಲಿ ಒಂದು ಆದರೂ ಗುರುತು ಹಾಕುತ್ತಿದ್ದೆ.

ಇದರ ಹಿಂದೆ ವಿಜ್ಞಾನವಿದೆ, ಅದೂ ನಮ್ಮ ಪಕ್ಕದ ಗೋವಾದ್ದು. ಅಲ್ಲಿನ ಸಂಗಾತ್ ಸಂಸ್ಥೆಯವರು ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದವರಿಗೆ ಆರರಿಂದ ಎಂಟು ಭೇಟಿಗಳಲ್ಲಿ ಇದೇ ಬಗೆಯ ಚಟುವಟಿಕೆಯ ಚಿಕಿತ್ಸೆ ಕೊಡಿಸಿದರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಮೂರು ತಿಂಗಳ ನಂತರ ಈ ಗುಂಪಿನಲ್ಲಿ ಶೇ 64ರಷ್ಟು ಜನರ ಲಕ್ಷಣಗಳು ಇಳಿದಿದ್ದವು. ಎಂದಿನ ಆರೈಕೆ ಮಾತ್ರ ಪಡೆದವರಲ್ಲಿ ಅದು ಶೇ 39. ದೂರದ ಜಿಂಬಾಬ್ವೆಯಲ್ಲಿ ತರಬೇತಿ ಪಡೆದ ಅಜ್ಜಿಯರು ಆರೋಗ್ಯ ಕೇಂದ್ರದ ಅಂಗಳದ ಬೆಂಚಿನ ಮೇಲೆ ಕೂತು ಇದೇ ಕೆಲಸ ಮಾಡಿ ಗೆದ್ದಿದ್ದಾರೆ. ನಡಿಗೆ, ಯೋಗ, ಭಾರ ಎತ್ತುವ ವ್ಯಾಯಾಮಗಳಿಂದ ಖಿನ್ನತೆ ತಗ್ಗುತ್ತದೆಂದು 200ಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2024ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ವರದಿಯೂ ಹೇಳಿತು. ಒಂದು ಎಚ್ಚರ: ಇದನ್ನು ಓದಿ ಯಾರಿಗಾದರೂ 'ವಾಕಿಂಗ್ ಮಾಡು, ಸರಿಹೋಗುತ್ತೆ' ಎಂದು ಉಪದೇಶ ಮಾಡಬೇಡಿ. ಬಿದ್ದವನಿಗೆ ಉಪದೇಶ ಬೇಕಿಲ್ಲ, ಜೊತೆಗೆ ನಡೆಯುವವರು ಬೇಕು.

ನನಗೆ ಹಾಗೆ ಸಿಕ್ಕವರು ಇಬ್ಬರು. ಒಬ್ಬರು ನಮ್ಮ ಸೊಸೈಟಿಯ ನಿವೃತ್ತ ಬ್ಯಾಂಕ್ ನೌಕರ, ಎಲ್ಲರೂ ಕಾಕಾ ಎನ್ನುತ್ತಾರೆ. ಬೆಳಿಗ್ಗೆ ಆರೂವರೆಗೆ ಬೆಲ್ ಮಾಡಿ ವೇತಾಳ ಟೇಕಡಿಗೆ ಕರೆದೊಯ್ಯುತ್ತಿದ್ದರು. ಕಾಯಿಲೆಯ ಬಗ್ಗೆ ಒಂದು ದಿನವೂ ಕೇಳಲಿಲ್ಲ. ನವಿಲಿನ ಕೂಗು, ಗುಡ್ಡ ಕೊರೆಯುವ ರಸ್ತೆ ಯೋಜನೆಯ ಮೇಲಿನ ಅವರ ಸಿಟ್ಟು, ಇಳಿದ ಮೇಲೆ ಒಂದು ಚಹಾ, ಅಷ್ಟೇ. ಇನ್ನೊಬ್ಬ ಹಾವೇರಿಯ ಗೆಳೆಯ. ಪಿಂಪ್ರಿಯಲ್ಲಿದ್ದಾನೆ. ಪ್ರತಿ ಬುಧವಾರ ರಾತ್ರಿ ಒಂಬತ್ತಕ್ಕೆ ಫೋನ್. ನಾನು ಮಾತಾಡದಿದ್ದರೂ ಕಟ್ ಮಾಡುತ್ತಿರಲಿಲ್ಲ, 'ಮಾತಾಡಬ್ಯಾಡಲೇ, ಸುಮ್ನ ಇರು, ನಾ ರೊಟ್ಟಿ ತಿಂತೀನಿ' ಎನ್ನುತ್ತಿದ್ದ.

ಅವ್ವನಿಗೆ ಹೇಳುವುದು

ಎಲ್ಲಕ್ಕಿಂತ ಕಷ್ಟವಾದದ್ದು ಊರಿಗೆ ಹೇಳುವುದು. ದಿನಾ ರಾತ್ರಿ 'ಊಟ ಆತೇನೋ ತಮ್ಮಾ?' ಎಂದು ಅವ್ವ ಫೋನ್ ಮಾಡುತ್ತಾಳೆ. ನಾಲ್ಕು ತಿಂಗಳು ಸುಳ್ಳು ಹೇಳಿದೆ. ನಮ್ಮ ಕಡೆ ತಮಾಷೆಗೆ 'ಇವನ್ನ ಧಾರವಾಡಕ್ಕ ಕಳಸ್ರಿ' ಎನ್ನುತ್ತೇವೆ. ಪುಣೆಯವರು ಅದೇ ಮಾತಿಗೆ ಯರವಡಾ ಎನ್ನುತ್ತಾರೆ. ಎರಡೂ ಕಡೆ ದೊಡ್ಡ ಮಾನಸಿಕ ಆಸ್ಪತ್ರೆಗಳಿವೆ, ಎರಡೂ ಕಡೆ ಆಸ್ಪತ್ರೆಯ ಊರಿನ ಹೆಸರೇ ಬೈಗುಳವಾಗಿದೆ. ಆ ತಮಾಷೆಗೆ ನಾನೂ ಎಷ್ಟೋ ಸಲ ನಕ್ಕಿದ್ದೆ.

ಹುಬ್ಬಳ್ಳಿ-ಪುಣೆ ವಂದೇ ಭಾರತ್ ರೈಲು 2024ರ ಸೆಪ್ಟೆಂಬರಿನಲ್ಲಿ ಶುರುವಾದ ಮೇಲೆ ಊರು ಒಂದು ಹಗಲಿನ ದಾರಿಯಾಯಿತು. ದಸರೆಗೆ ಹೋದಾಗ ಅಡುಗೆಮನೆಯಲ್ಲಿ ಕೂತು ಹೇಳಿದೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, 'ನಿಮ್ಮ ಮಾಮಾಗೂ ಇದ ಆಗಿತ್ತು. ಆಗ ನಾವು ಯಾರೂ ಹೆಸರ ಹೇಳಲಿಲ್ಲ. ಮೈಗಳ್ಳ ಅಂದ್ವಿ' ಎಂದಳು. ಆಮೇಲೆ, 'ಗುಳಿಗಿ ಬಿಡಬ್ಯಾಡ. ಈಗ ನಮ್ಮ ತಾಲ್ಲೂಕ ದವಾಖಾನಿಗೂ ಮಂಗಳವಾರ ಅಂಥಾ ಡಾಕ್ಟ್ರು ಬರ್ತಾರಂತ' ಎಂದಳು. ಕರ್ನಾಟಕ ಸರ್ಕಾರದ ಮನೋಚೈತನ್ಯ ಕ್ಲಿನಿಕ್‌ಗಳ ಸುದ್ದಿ ನನಗಿಂತ ಮೊದಲು ಅವಳಿಗೆ ತಲುಪಿತ್ತು.

ಕಾನೂನು ಇದೆ, ದಾರಿ ಅರ್ಧ

ನೆರವಿನ ವ್ಯವಸ್ಥೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಹೊರನಾಡ ಕನ್ನಡಿಗರು ಬಿಡಿಸಿ ನೋಡಬೇಕು.

2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು ಎನ್ನುತ್ತದೆ. ಕೇಳಲು ಸಮಾನತೆ. ಆದರೆ ಕಂಪನಿಗಳ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಖಿನ್ನತೆಯ ಹೆಚ್ಚಿನ ರೋಗಿಗಳು ದಾಖಲಾಗುವುದೇ ಇಲ್ಲ. ತಿಂಗಳಿಗೊಮ್ಮೆ ಡಾಕ್ಟರು, ವಾರಕ್ಕೊಮ್ಮೆ ಆಪ್ತಸಮಾಲೋಚಕರು, ಎಲ್ಲವೂ ಜೇಬಿನಿಂದ. ಹೊರರೋಗಿ ಖರ್ಚನ್ನು ಸೇರಿಸದ ತನಕ ಈ ಸಮಾನತೆ ಕಾಗದದ್ದು. ಮುಂದಿನ ಸಲ ಆಫೀಸಿನಲ್ಲಿ ಪಾಲಿಸಿ ನವೀಕರಣದ ಮೇಲ್ ಬಂದಾಗ ಈ ಒಂದು ಪ್ರಶ್ನೆ ಕೇಳಿ. ಅದೇ ಕಾಯ್ದೆ ಚಿಕಿತ್ಸೆಯ ಮಾಹಿತಿಯನ್ನು ಗೌಪ್ಯವಾಗಿಡುವ ಹಕ್ಕನ್ನೂ ಕೊಟ್ಟಿದೆ ಎಂಬುದು ನೆನಪಿರಲಿ.

ಭಾಷೆಯ ಪ್ರಶ್ನೆಗೆ ಒಂದು ಉತ್ತರ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್. 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಇದೆ. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಮಾತ್ರೆಯ ಜಾಗವನ್ನು ಫೋನ್ ತುಂಬಲಾರದು, ಆದರೆ ಬೆಳಗಿನ ಮೂರು ಗಂಟೆಗೆ ಕನ್ನಡದಲ್ಲಿ ಹಲೋ ಎನ್ನುವ ಒಂದು ದನಿ ಸಣ್ಣದಲ್ಲ. ಬದುಕೇ ಬೇಡವೆಂಬ ಯೋಚನೆ ಬರುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ನಂಬರಿಗೆ ಕರೆ ಮಾಡಿ, ಮನೆಯಲ್ಲಿರುವವರನ್ನು ಎಬ್ಬಿಸಿ.

ಮೂರನೆಯದು ನಮ್ಮ ಕೈಯಲ್ಲೇ ಇದೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಆರಂಭಿಸಿತು. ರೋಗಿ ದೊಡ್ಡಾಸ್ಪತ್ರೆಗೆ ಬರುವ ಬದಲು, ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರಿಗೇ ತರಬೇತಿ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಜನ ಇರುವಲ್ಲಿಗೆ ನೆರವು ಹೋಗಬೇಕೆಂದು ದೇಶಕ್ಕೆ ತೋರಿಸಿದ ನಾಡಿನವರು ನಾವು. ಈಗ ನಮ್ಮ ಜನ ಪುಣೆ, ಮುಂಬೈ, ಹೈದರಾಬಾದಿನಲ್ಲಿದ್ದಾರೆ. ಪುಣೆಯಲ್ಲಿ ಕನ್ನಡ ಸಂಘವಿದೆ, ಅದು ನಡೆಸುವ ಶಾಲೆಗಳಿವೆ, ರಾಜ್ಯೋತ್ಸವಕ್ಕೆ ಸಭಾಂಗಣ ತುಂಬುತ್ತದೆ. ಇಂಥ ಸಂಘಗಳು ಎಲ್ಲ ಊರುಗಳಲ್ಲೂ ಇವೆ. ಕನ್ನಡ ಬಲ್ಲ ಮನೋವೈದ್ಯರು, ಆಪ್ತಸಮಾಲೋಚಕರ ಒಂದು ಪಟ್ಟಿ. ತಿಂಗಳಿಗೊಂದು ಭಾನುವಾರ ಒಂದು ಕೋಣೆ. ಕೇಳುವ ತರಬೇತಿ ಪಡೆದ ಇಬ್ಬರು ಹಿರಿಯರು. ಇಷ್ಟಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಗೋವಾದಲ್ಲಿ, ಜಿಂಬಾಬ್ವೆಯಲ್ಲಿ ಆದದ್ದು ಕನ್ನಡದಲ್ಲಿ ಯಾಕೆ ಆಗಬಾರದು?

ನಾನು ಪೂರ್ತಿ ಗುಣವಾದೆ ಎಂದು ಬರೆಯಲಾರೆ. ಕಳೆದ ಮಳೆಗಾಲದಲ್ಲಿ ಮತ್ತೆ ಹತ್ತು ದಿನ ಮೂರಕ್ಕೆ ಎಚ್ಚರವಾಯಿತು. ಈ ಸಲ ಐದು ತಿಂಗಳು ಕಾಯಲಿಲ್ಲ, ಐದನೇ ದಿನವೇ ಡಾಕ್ಟರಿಗೆ ಫೋನ್ ಮಾಡಿದೆ, ಕಾಕಾಗೆ ಬೆಲ್ ಮಾಡಲು ಹೇಳಿದೆ. ನನ್ನ ಮಟ್ಟಿಗೆ ಚೇತರಿಕೆ ಎಂದರೆ ಇದೇ.

ಕಳೆದ ಅಕ್ಟೋಬರಿನಲ್ಲಿ ಆ ಹಸಿರು ಪೋಸ್ಟರಿನ ಕೆಳಗೆ ಸ್ಕೆಚ್ ಪೆನ್ನಿನಿಂದ ಕನ್ನಡದಲ್ಲಿ ಒಂದು ಸಾಲು ಬರೆದೆ: '14416. ಕನ್ನಡದಾಗೂ ಮಾತಾಡಬಹುದು.' ಎರಡು ದಿನದ ಮೇಲೆ ಕ್ಯಾಂಟೀನಿನಲ್ಲಿ ಬಾಗಲಕೋಟೆ ಕಡೆಯ ಹೊಸ ಹುಡುಗನೊಬ್ಬ ತಟ್ಟೆ ಹಿಡಿದು ಎದುರಿಗೆ ಬಂದು ಕೂತ. 'ಸರ್, ಅದನ್ನ ಬರದವರು ನೀವೇನ್ರಿ?' ಎಂದ. ಹೌದು ಎಂದೆ. ಅವತ್ತು ಊಟ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು.