ಊರಲ್ಲಿಲ್ಲದವರ ಮತವೂ ಒಂದು ಅಮಾನತು

ಮತದಾನದ ಧಾರ್ಮಿಕ ಸ್ಥಾನಮಾನವನ್ನು ಕಳೆದ ಶತಮಾನದ ಹೆಸರಾಂತ ವಿದ್ವಾಂಸ ಮುಫ್ತಿ ಮುಹಮ್ಮದ್ ಶಫಿಯವರು ಮೂರು ನೆಲೆಗಳಲ್ಲಿ ವಿವರಿಸಿದ್ದಾರೆ. ಮತವು ಒಂದು ಸಾಕ್ಷ್ಯ, ಒಂದು ಶಿಫಾರಸು ಮತ್ತು ಒಂದು ವಕಾಲತ್ತು. ಅಭ್ಯರ್ಥಿಯು ಆ ಹುದ್ದೆಗೆ ಅರ್ಹನೆಂದು ನಾವು ಸಾಕ್ಷಿ ನುಡಿಯುತ್ತೇವೆ, ಅವನನ್ನು ಶಿಫಾರಸು ಮಾಡುತ್ತೇವೆ, ನಮ್ಮ ಪರವಾಗಿ ಮಾತನಾಡುವ ಅಧಿಕಾರವನ್ನು ಅವನಿಗೆ ವಹಿಸುತ್ತೇವೆ. ಸಾಕ್ಷ್ಯದ ಕುರಿತು ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 282ನೇ ಸೂಕ್ತವು ಎರಡು ವಿಷಯಗಳನ್ನು ಒಟ್ಟಿಗೆ ಕಲಿಸುತ್ತದೆ. ಕರೆ ಬಂದಾಗ ಸಾಕ್ಷಿಗಳು ನಿರಾಕರಿಸಬಾರದು. ಹಾಗೆಯೇ ಸಾಕ್ಷಿ ನುಡಿಯುವವನಿಗೆ ಅದರಿಂದ ತೊಂದರೆಯೂ ಆಗಬಾರದು. ಮೊದಲನೆಯದು ಸಾಕ್ಷಿಯ ಹೊಣೆ, ಎರಡನೆಯದು ಸಾಕ್ಷಿಯನ್ನು ಕರೆಯುವವರ ಹೊಣೆ. ಮತದಾನದ ಕುರಿತಾದ ನಮ್ಮ ಉಪದೇಶಗಳಲ್ಲಿ ಮೊದಲನೆಯದು ಧಾರಾಳವಾಗಿ ಕೇಳಿಬರುತ್ತದೆ. ಎರಡನೆಯದರ ಬಗ್ಗೆ ಮಾತು ಕಡಿಮೆ.

ಕೆಜಿಎಫ್ ಮತ್ತು ಬಂಗಾರಪೇಟೆಯ ಬದುಕನ್ನು ಬಲ್ಲವರಿಗೆ ಈ ಎರಡನೆಯ ಹೊಣೆಯ ಮಹತ್ವ ಬೇಗನೆ ಅರ್ಥವಾಗುತ್ತದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಬಳಿಕ ಚಿನ್ನದ ಊರಿನ ಜನ ಅನ್ನ ಹುಡುಕಿಕೊಂಡು ಹೊರಗೆ ಹೋಗಬೇಕಾಯಿತು. ಮಾರಿಕುಪ್ಪಂನಿಂದ ಹೊರಡುವ ರೈಲುಗಳು ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಯ ಮೂಲಕ ನಸುಕಿನಲ್ಲೇ ಬೆಂಗಳೂರಿನತ್ತ ಸಾಗುತ್ತವೆ. ಅವುಗಳಲ್ಲಿ ಹೋದವರು ಮರಳಿ ಮನೆ ಸೇರುವಾಗ ರಾತ್ರಿಯಾಗಿರುತ್ತದೆ. ಇನ್ನು ಕೆಲವರು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಬರುತ್ತಾರೆ. ಹೊಸೂರು, ಚೆನ್ನೈಗಳಲ್ಲಿ ದುಡಿಯುವವರೂ ಇದ್ದಾರೆ, ಕೊಲ್ಲಿ ರಾಷ್ಟ್ರಗಳಿಗೆ ಹೋದವರೂ ಇದ್ದಾರೆ. ಇವರ ಮನೆ, ತಂದೆತಾಯಿ, ಮಸೀದಿ, ಕಬರಸ್ತಾನ ಎಲ್ಲವೂ ಇಲ್ಲಿಯೇ. ಗಣಿ ಕಾರ್ಮಿಕರ ಕ್ವಾರ್ಟರ್ಸ್‌ಗಳ ಹಕ್ಕು, ಸಯನೈಡ್ ದಿಬ್ಬಗಳಿಂದ ಏಳುವ ಧೂಳು, ಊರಿನಲ್ಲಿಯೇ ಉದ್ಯೋಗ ಎಂಬ ಪ್ರಶ್ನೆಗಳ ಉತ್ತರಕ್ಕಾಗಿ ಹೆಚ್ಚು ಕಾಯುತ್ತಿರುವವರೂ ಇವರೇ. ಆದರೆ ಆ ಉತ್ತರ ನಿರ್ಧಾರವಾಗುವ ದಿನ ಮತಗಟ್ಟೆಯ ಸಾಲಿನಲ್ಲಿ ನಿಲ್ಲಲು ಇವರಲ್ಲಿ ಅನೇಕರಿಗೆ ಸಾಧ್ಯವಾಗುವುದಿಲ್ಲ.

ಮತದಾನದ ದಿನ ವೇತನ ಸಹಿತ ರಜೆ ಇದೆಯಲ್ಲ ಎಂದು ಕೆಲವರು ಹೇಳಬಹುದು. ಇದೆ, ನಿಜ. ಪ್ರಜಾಪ್ರತಿನಿಧಿ ಕಾಯ್ದೆ 1951ರ 135ಬಿ ಸೆಕ್ಷನ್ ಪ್ರಕಾರ ದಿನಗೂಲಿಯವರಿಗೂ ಆ ದಿನದ ಕೂಲಿ ಕೊಟ್ಟು ರಜೆ ನೀಡಬೇಕು. ಆದರೆ ಇದನ್ನು ಮೀರಿದ ಮಾಲಕನಿಗೆ ಇರುವ ದಂಡದ ಗರಿಷ್ಠ ಮೊತ್ತ 500 ರೂಪಾಯಿ. ಗುತ್ತಿಗೆದಾರನ ಕೈಕೆಳಗೆ, ಯಾವ ಕಾಗದವೂ ಇಲ್ಲದೆ ದುಡಿಯುವ ಗಾರೆ ಕೆಲಸದವನು ಈ ಸೆಕ್ಷನನ್ನು ಯಾರ ಮುಂದೆ ಓದಿ ಹೇಳಬೇಕು? 2024ರ ಲೋಕಸಭಾ ಚುನಾವಣೆಯಲ್ಲಿ ತಮಿಳುನಾಡು ಮತ ಚಲಾಯಿಸಿದ್ದು ಏಪ್ರಿಲ್ 19ರಂದು, ಕೋಲಾರ ಏಪ್ರಿಲ್ 26ರಂದು. ಹೊಸೂರಿನ ಕಾರ್ಖಾನೆಗಳಿಗೆ ಆ 26 ಸಾಮಾನ್ಯ ಕೆಲಸದ ದಿನ. ಅಲ್ಲಿಂದ ಊರಿಗೆ ಬಂದು ಮತ ಹಾಕಿ ಮರಳುವುದೆಂದರೆ ಒಂದು ದಿನದ ದುಡಿಮೆ, ಹೋಗಿಬರುವ ಖರ್ಚು ಮತ್ತು ಮೇಸ್ತ್ರಿಯ ಸಿಟ್ಟು ಎಲ್ಲವನ್ನೂ ಹೊರಬೇಕು. ಸಾಕ್ಷಿಗೆ ತೊಂದರೆಯಾಗಬಾರದೆಂಬ ತತ್ವವನ್ನು ಒಪ್ಪಿದವರಿಗೆ ಇದು ಸಣ್ಣ ವಿಷಯವಾಗಿ ಕಾಣಲಾರದು.

ಒಂದೊಂದು ಮತದಿಂದ ಏನಾದೀತು ಎಂಬ ಉದಾಸೀನಕ್ಕೆ ಕರ್ನಾಟಕದ ಇತಿಹಾಸವೇ ಉತ್ತರಿಸಿದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಆರ್. ಧ್ರುವನಾರಾಯಣರೆದುರು ಸೋತದ್ದು ಒಂದೇ ಒಂದು ಮತದಿಂದ. ಕೆಲಸದ ಮೇಲಿದ್ದ ಅವರ ಸ್ವಂತ ವಾಹನ ಚಾಲಕನಿಗೇ ಅಂದು ಮತ ಹಾಕಲು ಬಿಡುವಾಗಿರಲಿಲ್ಲವೆಂದು ಆಗ ವರದಿಯಾಗಿತ್ತು. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ 16 ಮತಗಳಿಂದ ನಿರ್ಧಾರವಾಯಿತು. ಅದೇ ವರ್ಷ ನಮ್ಮ ನೆರೆಯ ಮಾಲೂರಿನಲ್ಲಿ ಘೋಷಿತ ಅಂತರ 248. ಮಾರಿಕುಪ್ಪಂ ರೈಲಿನ ಕೆಲವೇ ಬೋಗಿಗಳಲ್ಲಿ ಇದಕ್ಕಿಂತ ಹೆಚ್ಚು ಮತದಾರರು ಪ್ರತಿದಿನ ಪ್ರಯಾಣಿಸುತ್ತಾರೆ.

ಗೈರುಹಾಜರಾದವರನ್ನು ಲೆಕ್ಕದಿಂದ ಹೊರಗಿಡಬಾರದೆಂಬುದಕ್ಕೆ ಇಸ್ಲಾಮೀ ಇತಿಹಾಸದಲ್ಲಿ ಎರಡು ಉಜ್ವಲ ನಿದರ್ಶನಗಳಿವೆ. ಹಿಜ್ರಿ 6ರಲ್ಲಿ ಹುದೈಬಿಯಾದ ಮರದಡಿಯಲ್ಲಿ ಸಹಾಬಿಗಳು ಪ್ರವಾದಿ(ಸ)ರೊಂದಿಗೆ ಪ್ರತಿಜ್ಞೆ ಮಾಡುತ್ತಿದ್ದಾಗ ಹಝ್ರತ್ ಉಸ್ಮಾನ್(ರ) ಅಲ್ಲಿರಲಿಲ್ಲ. ಅವರು ದೂತರಾಗಿ ಮಕ್ಕಾಕ್ಕೆ ಹೋಗಿದ್ದರು. ಪ್ರವಾದಿ(ಸ)ರು ತಮ್ಮದೇ ಒಂದು ಕೈಯನ್ನು ಇನ್ನೊಂದರ ಮೇಲಿಟ್ಟು, ಇದು ಉಸ್ಮಾನರ ಪರವಾಗಿ ಎಂದು ಸಾರಿದರು. ಅದಕ್ಕೂ ಮುನ್ನ ಬದ್ರ್ ಯುದ್ಧದ ಸಂದರ್ಭದಲ್ಲಿ ಉಸ್ಮಾನ್(ರ) ಅಸ್ವಸ್ಥರಾಗಿದ್ದ ಪತ್ನಿ ರುಕಯ್ಯಾ(ರ)ರ ಆರೈಕೆಗಾಗಿ ಮದೀನಾದಲ್ಲಿ ಉಳಿದಿದ್ದರು. ಆದರೂ ಹಾಜರಿದ್ದವರಂತೆಯೇ ಅವರಿಗೂ ಪಾಲು ಸಿಕ್ಕಿತು. ಚುನಾವಣೆಯ ವಿಧಿವಿಧಾನಗಳನ್ನು ಈ ಘಟನೆಗಳಿಂದ ನೇರವಾಗಿ ಹೆಕ್ಕಿ ತೆಗೆಯಬೇಕೆಂದು ನಾವು ಹೇಳುತ್ತಿಲ್ಲ. ಕರ್ತವ್ಯದ ಕಾರಣದಿಂದ ದೂರವಿದ್ದವನ ಪಾಲು ಕಳೆಯಬಾರದು ಎಂಬ ನೀತಿಯನ್ನಂತೂ ಅವು ಸ್ಪಷ್ಟವಾಗಿ ತೋರಿಸುತ್ತವೆ. ಪ್ರಯಾಣಿಕನ ನಮಾಝ್‌ನ ನಿಯಮವೂ ಹೀಗೆಯೇ ಇದೆ. ಪ್ರಯಾಣದಲ್ಲಿ ನಮಾಝ್ ರದ್ದಾಗುವುದಿಲ್ಲ. ಅದರ ರೂಪ ಸುಲಭವಾಗುತ್ತದೆ.

ನಮ್ಮ ದೇಶದ ಕಾನೂನು ಕೂಡ ಈ ದಿಕ್ಕಿನಲ್ಲಿ ಹಂತಹಂತವಾಗಿ ನಡೆದಿದೆ. ಸೈನಿಕರಿಗೆ ಅಂಚೆ ಮತಪತ್ರದ ಸೌಲಭ್ಯ ಮೊದಲಿನಿಂದಲೂ ಇದೆ. 2003ರಲ್ಲಿ ಅವರಿಗೆ ಪ್ರತಿನಿಧಿಯ ಮೂಲಕ ಮತ ಹಾಕುವ ಅವಕಾಶವೂ ದೊರೆಯಿತು. ಕಣಿವೆಯನ್ನು ತೊರೆಯಬೇಕಾದ ಕಾಶ್ಮೀರಿ ವಲಸಿಗರಿಗಾಗಿ ಜಮ್ಮು, ಉಧಂಪುರ ಮತ್ತು ದೆಹಲಿಯಲ್ಲಿ ವಿಶೇಷ ಮತಗಟ್ಟೆಗಳನ್ನು ತೆರೆಯಲಾಯಿತು. 2019ರಲ್ಲಿ 80 ದಾಟಿದ ಹಿರಿಯರಿಗೂ ಅಂಗವಿಕಲರಿಗೂ ಗೈರುಹಾಜರಿ ಮತದಾರರೆಂಬ ಹೊಸ ವರ್ಗ ಸೃಷ್ಟಿಯಾಯಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ ಹಿರಿಯರು ಮನೆಯಲ್ಲಿಯೇ ಕುಳಿತು ಮತ ಚಲಾಯಿಸಿದರು. 2024ರ ಮಾರ್ಚ್‌ನಲ್ಲಿ ಈ ವಯೋಮಿತಿಯನ್ನು 85ಕ್ಕೆ ಏರಿಸಲಾಯಿತು. ಆಯೋಗವು ಅಧಿಸೂಚಿಸಿದ ಅಗತ್ಯ ಸೇವೆಗಳ ಸಿಬ್ಬಂದಿಗೆ ಮತದಾನಕ್ಕೆ ಮುಂಚಿನ ನಿಗದಿತ ಮೂರು ದಿನ ಅಂಚೆ ಮತದಾನ ಕೇಂದ್ರಗಳಲ್ಲಿ ಮತ ಹಾಕುವ ವ್ಯವಸ್ಥೆಯೂ ಬಂದಿದೆ. ಹೀಗಾಗಿ ರೈಲು ನಡೆಸುವವನಿಗೆ ಬಾಗಿಲು ತೆರೆದಿದೆ, ಅದೇ ರೈಲಿನಲ್ಲಿ ಕೂಲಿಗೆ ಹೋಗುವವನಿಗೆ ಮುಚ್ಚಿದೆ. ಕೊಲ್ಲಿಯಲ್ಲಿರುವವರ ಸ್ಥಿತಿಯೂ ಇದೇ. 2011ರಿಂದ ಅವರ ಹೆಸರು ಪಟ್ಟಿಯಲ್ಲಿ ಸೇರಬಹುದು, ಆದರೆ ಮತ ಹಾಕಲು ಪಾಸ್‌ಪೋರ್ಟ್ ಹಿಡಿದು ಊರಿಗೇ ಬರಬೇಕು. ಅವರಿಗೆ ಪ್ರತಿನಿಧಿ ಮತದಾನದ ಅವಕಾಶ ನೀಡುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾದರೂ ಮುಂದೆ ಸಾಗದೆ ಬಿದ್ದುಹೋಯಿತು.

ವಲಸೆ ಕಾರ್ಮಿಕರ ಪ್ರಶ್ನೆಯನ್ನು ಚುನಾವಣಾ ಆಯೋಗ ಗಮನಿಸದೆ ಇಲ್ಲ. 2019ರಲ್ಲಿ 30 ಕೋಟಿಗೂ ಹೆಚ್ಚು ನೋಂದಾಯಿತ ಮತದಾರರು ಮತ ಹಾಕಲಿಲ್ಲವೆಂಬ ಕಳವಳದಿಂದ ಅದು 2022ರ ಡಿಸೆಂಬರ್‌ನಲ್ಲಿ, 72 ಕ್ಷೇತ್ರಗಳನ್ನು ನಿಭಾಯಿಸಬಲ್ಲ ದೂರ ಮತದಾನ ಯಂತ್ರದ ಮಾದರಿಯನ್ನು ಪ್ರಕಟಿಸಿತು. ಪ್ರತಿಪಕ್ಷಗಳು ಆಕ್ಷೇಪಿಸಿದವು. ವಲಸಿಗನೆಂದರೆ ಯಾರು, ದೂರದ ಊರಿನ ಮತಗಟ್ಟೆಯಲ್ಲಿ ಅಭ್ಯರ್ಥಿಯ ಏಜೆಂಟ್ ಹೇಗೆ ಕೂರುತ್ತಾನೆ ಎಂಬ ಪ್ರಶ್ನೆಗಳು ನ್ಯಾಯವಾದವೇ. ಎಲ್ಲರ ಮನೆಗೂ ಅಂಚೆಯಲ್ಲಿ ಮತಪತ್ರ ಕಳುಹಿಸಬೇಕೆಂಬ ಸಲಹೆಯನ್ನು ನಾವೂ ಒಪ್ಪಲಾರೆವು. ಮತಗಟ್ಟೆಯ ಮರೆಯಲ್ಲಿ ಮಗಳು, ಸೊಸೆ ತಮ್ಮ ಆತ್ಮಸಾಕ್ಷಿಯಂತೆ ಬಟನ್ ಒತ್ತುತ್ತಾರೆ. ಮನೆಯ ಹಜಾರದಲ್ಲಿ ಹಿರಿಯರ ಕಣ್ಣೆದುರು ಆ ಸ್ವಾತಂತ್ರ್ಯ ಉಳಿಯುವುದೇ? ಹಣ ಹಂಚಿದವನು ತುಂಬಿದ ಮತಪತ್ರವನ್ನು ತೋರಿಸು ಎಂದರೆ ಬಡವ ಏನು ಮಾಡಿಯಾನು? ಬಲವಂತದಿಂದ ಬಂದ ಸಾಕ್ಷ್ಯ ಸಾಕ್ಷ್ಯವೇ ಅಲ್ಲ.

ಆದ್ದರಿಂದ ಗೌಪ್ಯತೆಯನ್ನು ಕಾಪಾಡಿಕೊಂಡೇ ಅವಕಾಶವನ್ನು ವಿಸ್ತರಿಸುವ ದಾರಿ ಹುಡುಕಬೇಕು. ಅಂತಹ ದಾರಿ ಕಣ್ಣೆದುರಿಗೇ ಇದೆ. ಅಗತ್ಯ ಸೇವೆಯವರಿಗಾಗಿ ತೆರೆಯುವ ಆ ಮೂರು ದಿನಗಳ ಕೇಂದ್ರವನ್ನೇ ಕ್ಷೇತ್ರದ ಹೊರಗೆ ದುಡಿಯುವ ನೋಂದಾಯಿತ ಮತದಾರರಿಗೂ ತೆರೆಯಲಿ. ಆ ಮೂರು ದಿನಗಳಲ್ಲಿ ಒಂದು ಭಾನುವಾರವಿರಲಿ, ಸಂಜೆಯ ರೈಲು ಇಳಿದವರಿಗೂ ಸಮಯ ಸಿಗಲಿ. ಅಧಿಕಾರಿಗಳು, ಏಜೆಂಟರು, ಮರೆಯ ಪರದೆ ಎಲ್ಲವೂ ಮತಗಟ್ಟೆಯಂತೆಯೇ ಇರಲಿ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. 1951ರ ಕಾಯ್ದೆಯ 60(ಸಿ) ಸೆಕ್ಷನ್, ಸರಕಾರದೊಂದಿಗೆ ಸಮಾಲೋಚಿಸಿ ಹೊಸ ವರ್ಗಗಳಿಗೆ ಅಂಚೆ ಮತದಾನದ ಅವಕಾಶ ನೀಡುವ ಅಧಿಕಾರವನ್ನು ಆಯೋಗಕ್ಕೆ ಈಗಾಗಲೇ ಕೊಟ್ಟಿದೆ. ಕೆಜಿಎಫ್ ಮತ್ತು ಬಂಗಾರಪೇಟೆಯಂತಹ, ಇಡೀ ಊರೇ ರೈಲು ಹತ್ತಿ ದುಡಿಯಲು ಹೋಗುವ ಕ್ಷೇತ್ರಗಳಲ್ಲಿ ಇದನ್ನು ಪ್ರಯೋಗಿಸಿ ನೋಡಬಹುದು.

ಆ ದಿನ ಬರುವವರೆಗೆ ನಮ್ಮ ಕೈಯಲ್ಲಿರುವ ಕೆಲಸಗಳೂ ಕಡಿಮೆಯೇನಲ್ಲ. 85 ದಾಟಿದವರು ಮತ್ತು ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿರುವವರು ಚುನಾವಣಾ ಅಧಿಸೂಚನೆ ಹೊರಟ ಐದು ದಿನಗಳೊಳಗೆ ನಮೂನೆ 12ಡಿ ಸಲ್ಲಿಸಬೇಕು. ಈ ಗಡುವು ತಿಳಿಯದೆ ಎಷ್ಟೋ ಹಿರಿಯರ ಅವಕಾಶ ಜಾರಿಹೋಗುತ್ತದೆ. ಮೊಹಲ್ಲಾದಲ್ಲಿ ಅಂತಹವರು ಯಾರಿದ್ದಾರೆಂದು ಮಸೀದಿಯ ಸಮಿತಿಗೆ ತಿಳಿದೇ ಇರುತ್ತದೆ. ಪಟ್ಟಿ ಮಾಡಿ, ಬೂತ್ ಮಟ್ಟದ ಅಧಿಕಾರಿಯನ್ನು ಅವರ ಮನೆಗೆ ಕರೆತರುವುದು ಯುವಕರಿಗೆ ಒಂದು ದಿನದ ಕೆಲಸ. ಜಾತಿ ಮತ ನೋಡದೆ ನೆರೆಮನೆಯ ಅಜ್ಜಿಗೂ ಇದೇ ಸೇವೆ ಸಲ್ಲಲಿ. ಊರು ಬಿಟ್ಟವರು ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿಕೊಳ್ಳಲಿ. 2025ರಲ್ಲಿ ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು; ಸ್ಥಳಾಂತರವಾದವರು, ಮನೆಯಲ್ಲಿ ಸಿಗದವರು ಎಂಬುದು ಅದಕ್ಕೆ ನೀಡಿದ ಕಾರಣಗಳಲ್ಲಿ ಸೇರಿತ್ತು. ದುಡಿಯಲು ಹೋದವನು ಸ್ವಲ್ಪ ಕಾಲ ಮನೆಯಲ್ಲಿಲ್ಲದ ಮಾತ್ರಕ್ಕೆ ಅವನು ಊರಿನ ನಿವಾಸಿಯಲ್ಲ ಎಂದಾಗುವುದಿಲ್ಲವೆಂದು 1950ರ ಕಾಯ್ದೆಯೇ ಹೇಳುತ್ತದೆ. ಆದರೆ ಖಾಯಂ ಆಗಿ ಬೆಂಗಳೂರಿನಲ್ಲಿ ನೆಲೆಸಿದವರು ನಮೂನೆ 8ರ ಮೂಲಕ ಅಲ್ಲಿಗೇ ವರ್ಗಾಯಿಸಿಕೊಳ್ಳುವುದು ಪ್ರಾಮಾಣಿಕತೆ. ಎರಡು ಕಡೆ ಹೆಸರಿಟ್ಟುಕೊಳ್ಳುವುದು ಕಾನೂನಿಗೂ ವಿರುದ್ಧ, ಅಮಾನತಿಗೂ ದ್ರೋಹ.

ಅಮಾನತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಅಲ್ಲಾಹನು ಅನ್ನಿಸಾ ಅಧ್ಯಾಯದ 58ನೇ ಸೂಕ್ತದಲ್ಲಿ ಆದೇಶಿಸಿದ್ದಾನೆ. ಮತದಾರನ ಪಾಲಿಗೆ ಮತ ಒಂದು ಅಮಾನತು. ಆ ಮತ ಹಾಕುವ ಅವಕಾಶ ಆಳುವವರ ಕೈಯಲ್ಲಿರುವ ಅಮಾನತು. ಮುಂದಿನ ಚುನಾವಣೆ ಘೋಷಣೆಯಾಗುವ ತನಕ ಕಾಯದೆ ನಮ್ಮ ಜಮಾಅತ್‌ಗಳು, ಕಾರ್ಮಿಕ ಸಂಘಗಳು, ರೈಲು ಪ್ರಯಾಣಿಕರು ಒಟ್ಟಾಗಿ ಈ ಬೇಡಿಕೆಯನ್ನು ಜಿಲ್ಲಾ ಚುನಾವಣಾಧಿಕಾರಿಗಳ ಮೂಲಕ ಆಯೋಗದ ಮುಂದಿಡಬೇಕು. ಬೆವರು ಸುರಿಸಲು ಊರು ಬಿಟ್ಟವನಿಗೆ ಊರಿನ ಭವಿಷ್ಯದಲ್ಲಿ ಪಾಲಿದೆಯೆಂದು ಹೇಳುವುದು ನ್ಯಾಯದ ಮಾತು. ಆ ಮಾತನ್ನು ಅವನ ಪರವಾಗಿ ಊರಿನಲ್ಲಿರುವ ನಾವೇ ಆಡಬೇಕಾಗಿದೆ.