ಸಣ್ಣ ಟ್ಯಾಬ್ಲೆಟ್ಟೋ, ದೊಡ್ಡ ಟ್ಯಾಬ್ಲೆಟ್ಟೋ?

ಹಳೆಯ ಟ್ಯಾಬ್ಲೆಟ್ಟನ್ನು ಬಿಟ್ಟು ಹೊಸದನ್ನು ಕೊಳ್ಳಬಯಸುವ ವಿದ್ಯಾರ್ಥಿಗಳು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು: ಸಣ್ಣದು ಲೇಸೋ, ದೊಡ್ಡದು ಲೇಸೋ? ತಂದೆತಾಯಿಗಳು ದುಡಿದು ಗಳಿಸಿದ ಹಣದ ಮಾತು ಇದಾದುದರಿಂದ, ಅಂಗಡಿಯವರ ವರ್ಣನೆಗಿಂತ ಅಳತೆಗೋಲಿನ ಸಾಕ್ಷ್ಯವನ್ನು ನಂಬುವುದು ಉಚಿತ.

ನಿದರ್ಶನಕ್ಕಾಗಿ 2024ರಲ್ಲಿ ಬಂದ ಎರಡು ಐಪ್ಯಾಡುಗಳನ್ನು ತೆಗೆದುಕೊಳ್ಳೋಣ. ಐಪ್ಯಾಡ್ ಮಿನಿಯ ಪರದೆ 8.3 ಅಂಗುಲದ್ದು, ಐಪ್ಯಾಡ್ ಏರ್‌ನ ದೊಡ್ಡ ಮಾದರಿಯದು 13 ಅಂಗುಲದ್ದು. ಈ ಅಂಕಿಗಳು ಸೂಚಿಸುವುದು ಪರದೆಯ ಕರ್ಣವನ್ನೇ ಹೊರತು ವಿಸ್ತೀರ್ಣವನ್ನಲ್ಲ. ಕರ್ಣವು ಒಂದೂವರೆ ಪಟ್ಟಿಗಿಂತ ತುಸುವೇ ಹೆಚ್ಚಾದರೂ ವಿಸ್ತೀರ್ಣವು ಎರಡೂವರೆ ಪಟ್ಟಾಗುತ್ತದೆ. ಮೊದಲನೆಯ ಪರದೆ ಸುಮಾರು 17.6 ಸೆಂ.ಮೀ. ಉದ್ದ, 11.6 ಸೆಂ.ಮೀ. ಅಗಲ, ಎರಡನೆಯದು 26.3 ಸೆಂ.ಮೀ. ಉದ್ದ, 19.7 ಸೆಂ.ಮೀ. ಅಗಲ.

ಎ4 ಹಾಳೆಯ ಅಳತೆಗೆ ಸಿದ್ಧಪಡಿಸಿದ ಪಾಠದ ಪುಟವೊಂದನ್ನು ಇಡಿಯಾಗಿ ತೋರಿಸಿದರೆ, ಸಣ್ಣ ಪರದೆಯಲ್ಲಿ ಅದು ಮೂಲದ ಶೇಕಡಾ 55ಕ್ಕೂ, ದೊಡ್ಡದರಲ್ಲಿ ಶೇಕಡಾ 88ಕ್ಕೂ ಕುಗ್ಗುತ್ತದೆ. 3 ಮಿ.ಮೀ. ಎತ್ತರದ ಅಕ್ಷರವು ಸಣ್ಣ ಪರದೆಯಲ್ಲಿ 1.7 ಮಿ.ಮೀ.ನಷ್ಟೂ ಉಳಿಯದು. ಕನ್ನಡದ ಒತ್ತಕ್ಷರಗಳೂ ಸಮೀಕರಣಗಳ ಘಾತಾಂಕಗಳೂ ಮೊದಲೇ ಕಿರಿದು. ಅವುಗಳ ಪಾಡನ್ನು ಹೇಳಲೇಬೇಕಿಲ್ಲ. ಪರದೆಯ ಬಿಂದುಗಳು ಎಷ್ಟೇ ಸೂಕ್ಷ್ಮವಾಗಿರಲಿ, ಅಕ್ಷರವು ಕಣ್ಣಿನಲ್ಲಿ ಉಂಟುಮಾಡುವ ಕೋನವು ಅದರಿಂದ ಹಿರಿದಾಗುವುದಿಲ್ಲ. ಪುಟವನ್ನು ಹಿಗ್ಗಿಸಬಹುದಲ್ಲವೇ ಎಂದು ಕೆಲವರು ಕೇಳಿಯಾರು. ಹಿಗ್ಗಿಸಬಹುದು, ಆಗ ಚಿತ್ರವು ಕಂಡರೆ ಅದರ ವಿವರಣೆ ಕಾಣದು, ವಿವರಣೆ ಕಂಡರೆ ಚಿತ್ರವು ಮರೆಯಾಗುವುದು.

ಹಾಗೆಂದು ದೊಡ್ಡದಕ್ಕೆ ದೋಷವಿಲ್ಲವೆಂದಲ್ಲ. ಮಿನಿಯ ತೂಕ 293 ಗ್ರಾಂ, ದೊಡ್ಡ ಏರ್‌ನದು 617 ಗ್ರಾಂ. ಅಂಚನ್ನು ಒಂದೇ ಕೈಯಿಂದ ಹಿಡಿದಾಗ ಮಣಿಕಟ್ಟಿನ ಮೇಲೆ ಬೀಳುವ ಶ್ರಮವು ತೂಕವನ್ನು ಮಾತ್ರವಲ್ಲದೆ, ಗುರುತ್ವ ಕೇಂದ್ರದ ದೂರವನ್ನೂ ಅವಲಂಬಿಸಿದೆ. ಇವೆರಡರ ಗುಣಲಬ್ಧವು ದೊಡ್ಡದರಲ್ಲಿ ಮೂರು ಪಟ್ಟಿಗೂ ಮಿಕ್ಕುತ್ತದೆ. ಬಸ್ಸಿನಲ್ಲಿ ನಿಂತು ಓದುವವನಿಗೆ ಇದು ಕ್ಷುಲ್ಲಕ ವಿಷಯವಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿದು. ಅಕ್ಷರಗಳನ್ನು ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದಾದ ಕಥೆ ಕಾದಂಬರಿಗಳನ್ನು ಪ್ರಯಾಣದಲ್ಲಿ ಓದುವವರಿಗೆ ಸಣ್ಣದೇ ಸಾಕು. ಮೇಜಿನ ಮುಂದೆ ಕುಳಿತು ಪಠ್ಯದ ಪುಟಗಳನ್ನು ಓದಿ, ಲೆಕ್ಕಗಳನ್ನು ಬಿಡಿಸುವ ವಿದ್ಯಾರ್ಥಿಗೆ ದೊಡ್ಡದೇ ಯೋಗ್ಯ. ಹೆಚ್ಚಿನ ಹಣವನ್ನು ಕೊಡುವುದಾದರೆ ಪುಟವು ಕಾಣುವುದಕ್ಕಾಗಿ ಕೊಡಬೇಕು, ಪ್ರತಿಷ್ಠೆಗಾಗಿ ಅಲ್ಲ.

ಕೊಳ್ಳುವ ಮುನ್ನ ಒಂದು ಸುಲಭ ಪ್ರಯೋಗವನ್ನು ಮಾಡಿ ನೋಡಿರಿ. ಮೇಲಿನ ಅಳತೆಗಳಿಗೆ ಎರಡು ರಟ್ಟುಗಳನ್ನು ಕತ್ತರಿಸಿ, ನಿಮ್ಮ ಪಾಠದ ಒಂದು ಪುಟವನ್ನು ಅವುಗಳಿಗೆ ಹೊಂದುವಂತೆ ಕಿರಿದುಗೊಳಿಸಿದ ಪ್ರತಿ ತೆಗೆಸಿ ಅಂಟಿಸಿರಿ. ಎಂದಿನ ದೂರದಲ್ಲಿಟ್ಟು ಅರ್ಧ ಗಂಟೆ ಓದಿರಿ. ನಿಮ್ಮ ಕಣ್ಣು ಕೊಡುವ ತೀರ್ಪನ್ನು ಯಾವ ಜಾಹೀರಾತೂ ಕೊಡಲಾರದು. ಹಳೆಯ ಟ್ಯಾಬ್ಲೆಟ್ಟೇ ಸಾಕೆಂದು ತೋರಿದರೆ, ಉಳಿದ ಹಣದಿಂದ ಒಳ್ಳೆಯ ಪುಸ್ತಕಗಳನ್ನು ಕೊಳ್ಳಬಹುದು.